ಮೂವತ್ತೈದರಲ್ಲೊಂದು ಪಾಲಿನ ಉಕ್ಕು

ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು ಆಯ್ದುಕೊಳ್ಳುವಾಗ ನಮ್ಮ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲಿನ ಚಿತ್ರದ ಕಡೆಗೆ, ಅದಾದ ಮೇಲೆ ಒಳಗಿರುವ ಬಿಡಿಭಾಗಗಳ ಸಂಖ್ಯೆಯ ಕಡೆಗೆ. ಚಿತ್ರ ಆಸೆ ಹುಟ್ಟಿಸುತ್ತದೆ, ಸಂಖ್ಯೆ ಗೌರವ ಹುಟ್ಟಿಸುತ್ತದೆ. ಆದರೆ ಆ ಕಿಟ್ಟನ್ನು ಜೋಡಿಸಿ ಮುಗಿಸುವ ಹೊತ್ತಿಗೆ ನಮಗೆ ಏನು ತಿಳಿದಿರುತ್ತದೆ ಎಂಬುದನ್ನು ಇವೆರಡೂ ಹೇಳಲಾರವು. ಈ ಹವ್ಯಾಸದಲ್ಲಿ ಹಲವು ವರ್ಷಗಳನ್ನು ಕಳೆದ ಮೇಲೆ ನನ್ನ ನಿಲುವು ಹೀಗಿದೆ: ಮಾದರಿಯನ್ನು ಜೋಡಿಸುವುದೆಂದರೆ ಒಂದು ಯಂತ್ರವನ್ನು ಕೈಯಿಂದ ಓದುವುದು. ಆದ್ದರಿಂದ ಯಾವ ಯಂತ್ರದ ಬಗ್ಗೆ ಯಾವ ಪ್ರಶ್ನೆ ನಮ್ಮಲ್ಲಿದೆಯೋ ಅದಕ್ಕೆ ಉತ್ತರ ಕೊಡಬಲ್ಲ ಕಿಟ್ಟೇ ನಮಗೆ ತಕ್ಕ ಕಿಟ್.

ಮೊದಲು ನಿರ್ಧರಿಸಬೇಕಾದದ್ದು ಅಳತೆ. ಸೇನಾ ವಾಹನಗಳ ಮಾದರಿಗಳಲ್ಲಿ 1:35 ಎಂಬುದು ಇಂದು ಬಹುತೇಕ ರಾಜಮಾರ್ಗವಾಗಿದೆ. ಇದರ ಹಿಂದೆ ಯಾವ ಗಣಿತದ ಅನುಕೂಲವೂ ಇಲ್ಲ. 1:72 ಎಂದರೆ ಒಂದು ಅಂಗುಲಕ್ಕೆ ಆರು ಅಡಿ, 1:48 ಎಂದರೆ ಕಾಲು ಅಂಗುಲಕ್ಕೆ ಒಂದು ಅಡಿ. ಬ್ರಿಟನ್ನಿನ ಏರ್‌ಫಿಕ್ಸ್ ತನ್ನ ಪುಟ್ಟ ಟ್ಯಾಂಕುಗಳಿಗೆ ಬಳಸಿದ 1:76 ಕೂಡ ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎಂಬ ಆಟಿಕೆ ರೈಲಿನ ಲೆಕ್ಕದಿಂದ ಬಂದದ್ದು. ಮೂವತ್ತೈದಕ್ಕೆ ಅಂಥ ವಂಶಾವಳಿ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಓಡಾಡುವ ಮಾದರಿಯನ್ನು ತಯಾರಿಸಿದಾಗ ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಒಡಲನ್ನು ಮಾಡಿ ಆಮೇಲೆ ಲೆಕ್ಕ ಹಾಕಿದರೆ ಅದು ನಿಜವಾದ ಟ್ಯಾಂಕಿನ ಸುಮಾರು ಮೂವತ್ತೈದರಲ್ಲೊಂದು ಪಾಲಾಗಿತ್ತು. ಮೋಟಾರುಗಳು ಬಹುಪಾಲು ಮರೆಯಾದವು, ಅಳತೆ ಮಾತ್ರ ಉಳಿಯಿತು; ಇತರ ತಯಾರಕರೂ ಅದನ್ನೇ ಅನುಸರಿಸಿದರು. ಇಂದು ಬಿಡಿ ಸೈನಿಕರು, ಶಸ್ತ್ರಗಳು, ಪೆಟ್ರೋಲ್ ಡಬ್ಬಿಗಳು, ಮುರಿದ ಗೋಡೆಗಳು ಎಲ್ಲವೂ ಈ ಅಳತೆಯಲ್ಲಿಯೇ ಹೇರಳವಾಗಿ ದೊರೆಯುತ್ತವೆ ಎಂಬುದೇ ಇದನ್ನು ಆರಿಸಿಕೊಳ್ಳಲು ಇರುವ ದೊಡ್ಡ ಕಾರಣ.

ಫಿರಂಗಿಯ ತುದಿಯವರೆಗೆ ಸುಮಾರು 8.45 ಮೀಟರ್ ಉದ್ದವಿದ್ದ ಜರ್ಮನಿಯ ಟೈಗರ್ ಟ್ಯಾಂಕು 1:35ರಲ್ಲಿ 24 ಸೆಂಟಿಮೀಟರ್ ಆಗುತ್ತದೆ, 1:72ರಲ್ಲಿ 12 ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ದೊಡ್ಡ ಅಳತೆಯಲ್ಲಿ ಹೆಚ್ಚು ವಿವರ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದಕ್ಕಿಂತ ಮುಖ್ಯವೆಂದು ಎಣಿಸುವುದು ದಪ್ಪದ ಪ್ರಶ್ನೆಯನ್ನು. ಟೈಗರಿನ ಮುಂಭಾಗದ 100 ಮಿಲಿಮೀಟರ್ ಕವಚವು 1:35ರಲ್ಲಿ ಮೂರು ಮಿಲಿಮೀಟರಿಗೆ ತುಸು ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ಕಿನ ಅಚ್ಚಿಗೆ ಅದು ಕಷ್ಟವೇ ಅಲ್ಲ. ಆದರೆ ಅದೇ ವಾಹನದ ಮಡ್‌ಗಾರ್ಡ್ ಕೆಲವೇ ಮಿಲಿಮೀಟರ್ ದಪ್ಪದ ತಗಡು. ಅದನ್ನು ಮೂವತ್ತೈದರಿಂದ ಭಾಗಿಸಿದರೆ ಬರುವುದು ಕಾಗದದಷ್ಟು ತೆಳುವಾದ ಹಾಳೆ. ಅಷ್ಟು ತೆಳುವಾದ ಅಚ್ಚಿನ ಸಂದಿಯಲ್ಲಿ ಕರಗಿದ ಪ್ಲಾಸ್ಟಿಕ್ ತುದಿಯವರೆಗೆ ಹರಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ತಯಾರಕರು ಅದನ್ನು ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪವಾಗಿ ಎರಕ ಹೊಯ್ಯುತ್ತಾರೆ, ಅಂದರೆ ನಿಜವಾದ ವಾಹನದಲ್ಲಿ ಅದು 26 ಮಿಲಿಮೀಟರ್ ದಪ್ಪದ ಉಕ್ಕಿಗೆ ಸಮ. ಕವಚವಿಲ್ಲದ ಮಡ್‌ಗಾರ್ಡ್ ಕವಚದಂತೆ ಕಾಣತೊಡಗುತ್ತದೆ. ಯಾವುದು ಗುಂಡನ್ನು ತಡೆಯುತ್ತದೆ, ಯಾವುದು ಕೆಸರನ್ನಷ್ಟೇ ತಡೆಯುತ್ತದೆ ಎಂಬ ವ್ಯತ್ಯಾಸವೇ ಮಾದರಿಯಿಂದ ಅಳಿಸಿಹೋಗುತ್ತದೆ.

ಫೋಟೋ-ಎಚ್ ಎಂದು ಕರೆಯುವ, ರಾಸಾಯನಿಕದಿಂದ ಕೊರೆದ ಹಿತ್ತಾಳೆ ತಗಡುಗಳು ಹವ್ಯಾಸಿಗಳಿಗೆ ಬೇಕಾಗಿರುವುದು ಈ ಕಾರಣಕ್ಕಾಗಿ. 0.15 ಮಿಲಿಮೀಟರಿನ ಹಿತ್ತಾಳೆ 1:35ರಲ್ಲಿ ಐದು ಮಿಲಿಮೀಟರ್ ಚಿಲ್ಲರೆ ದಪ್ಪದ ಉಕ್ಕನ್ನು ತೋರಿಸುತ್ತದೆ. ಅದನ್ನು ಬಾಗಿಸಬಹುದು, ಗೋಡೆಗೆ ಉಜ್ಜಿದ ಮಡ್‌ಗಾರ್ಡಿನಂತೆ ಸೊಟ್ಟ ಮಾಡಬಹುದು. ಆದರೂ ಪೆಟ್ಟಿಗೆಯಲ್ಲಿ ಹಿತ್ತಾಳೆ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಕಡೆಯೂ ಅದನ್ನು ಬಳಸಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ಅಂಚು ಕಣ್ಣಿಗೆ ಬೀಳುವ ಕಡೆ ಅದು ಬೇಕು. ಅಂಚು ಕಾಣದ ಕಡೆ ಪ್ಲಾಸ್ಟಿಕ್ ಸಾಕು. ಗುಂಡನೆಯ ಹಿಡಿಕೆಗಳನ್ನು ಚಪ್ಪಟೆ ಹಿತ್ತಾಳೆಯಲ್ಲಿ ಕೊಡುವ ಕಿಟ್ಟುಗಳೂ ಇವೆ, ಅಲ್ಲಿ ತೆಳುವಾದ ತಂತಿಯನ್ನು ಬಾಗಿಸಿ ಹಾಕುವುದೇ ಸರಿ. ಎಷ್ಟೋ ಸಲ ಚಾಕುವಿನ ಅಲಗನ್ನು ನೆಟ್ಟಗೆ ಹಿಡಿದು ಮಡ್‌ಗಾರ್ಡಿನ ಕೆಳಗಿನ ಅಂಚನ್ನಷ್ಟೇ ಹೆರೆದು ತೆಳುವಾಗಿಸಿದರೂ ನೋಡುವ ಕಣ್ಣು ಪೂರ್ತಿ ತಗಡನ್ನೇ ತೆಳುವೆಂದು ನಂಬುತ್ತದೆ.

ಅಳತೆಯ ನಂತರ ವಾಹನದ ಆಯ್ಕೆ. ಟ್ಯಾಂಕಿನ ಹೆಸರನ್ನು ಹೇಳಿದರೆ ಆಯ್ಕೆ ಮುಗಿಯಿತೆಂದು ಹೊಸಬರು ತಿಳಿಯುತ್ತಾರೆ. ನಿಜಕ್ಕೂ ಅಲ್ಲಿ ಅದು ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಶರ್ಮನ್ ಟ್ಯಾಂಕುಗಳು 49,000ಕ್ಕೂ ಹೆಚ್ಚು ತಯಾರಾದವು, ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ಎಂಜಿನ್ನುಗಳೊಂದಿಗೆ. ಅವುಗಳಲ್ಲಿ ಎಂ4ಎ1 ಎಂಬ ಬಗೆಯ ಮೇಲೊಡಲು ಒಂದೇ ಎರಕದ್ದು, ಅಂಚುಗಳೆಲ್ಲ ದುಂಡು. ಎಂ4ಎ3ರದು ಬೆಸುಗೆ ಹಾಕಿದ ಹಲಗೆಗಳದ್ದು, ಅಂಚುಗಳು ಚೂಪು. ಎಂ4ಎ4ರಲ್ಲಿ ಕ್ರೈಸ್ಲರ್ ಕಂಪನಿಯು ಆರು ಸಿಲಿಂಡರಿನ ಐದು ಎಂಜಿನ್ನುಗಳನ್ನು ಒಟ್ಟಿಗೆ ಕಟ್ಟಿ 30 ಸಿಲಿಂಡರುಗಳ ಒಂದು ಎಂಜಿನ್ ಮಾಡಿತು. ಅದು ಹಿಡಿಸಲೆಂದು ಒಡಲನ್ನು ಉದ್ದ ಮಾಡಬೇಕಾಯಿತು. ಒಡಲು ಉದ್ದವಾದಾಗ ಎರಡೆರಡು ಚಕ್ರಗಳ ಮೂರು ಜೋಡಿಗಳ ನಡುವಿನ ಅಂತರವೂ ಹೆಚ್ಚಿತು. ಎಂಜಿನ್ನನ್ನು ತೋರಿಸದ ಕಿಟ್ಟಿನಲ್ಲಿಯೂ ಆ ಅಂತರ ಕಾಣುತ್ತದೆ. ಕಾಣದ ಎಂಜಿನ್ನೊಂದು ಕಾಣುವ ಚಕ್ರಗಳ ಜಾಗವನ್ನು ನಿರ್ಧರಿಸಿದೆ ಎಂಬುದನ್ನು ಓದಿ ತಿಳಿಯುವುದು ಬೇರೆ, ಆ ಚಕ್ರಗಳನ್ನು ನಮ್ಮ ಕೈಯಿಂದಲೇ ದೂರ ದೂರ ಕೂರಿಸುವಾಗ ತಿಳಿಯುವುದು ಬೇರೆ.

ಸೋವಿಯತ್ ಟಿ-34ರ ಕಥೆ ಇನ್ನೂ ಸ್ವಾರಸ್ಯಕರ. 1941ರಲ್ಲಿ ಜರ್ಮನ್ ಸೇನೆ ಮುಂದೊತ್ತಿ ಬಂದಾಗ ಖಾರ್ಕಿವ್ ನಗರದ 183ನೆಯ ಸಂಖ್ಯೆಯ ಕಾರ್ಖಾನೆಯನ್ನು ಉರಾಲ್ ಸೀಮೆಯ ನಿಜ್ನಿ ತಾಗಿಲ್‌ಗೆ ಸಾಗಿಸಿದರು. ಸ್ಟಾಲಿನ್‌ಗ್ರಾಡ್ ಟ್ರ್ಯಾಕ್ಟರ್ ಕಾರ್ಖಾನೆ ತನ್ನ ಪಾಡಿಗೆ ಟ್ಯಾಂಕುಗಳನ್ನು ಹೊರತರುತ್ತಿತ್ತು. ರಬ್ಬರಿನ ಕೊರತೆ ಉಂಟಾದಾಗ ಚಕ್ರದ ಹೊರಸುತ್ತಿಗೆ ರಬ್ಬರ್ ಹಾಕುವುದನ್ನು ಬಿಟ್ಟು, ಉಕ್ಕಿನ ಅಂಚಿನ ಚಕ್ರದೊಳಗೆ ಚಿಕ್ಕ ರಬ್ಬರ್ ಬಳೆಯನ್ನು ಮಾತ್ರ ಇಟ್ಟರು. ಒಂದೇ ಟ್ಯಾಂಕಿನಲ್ಲಿ ಎರಡು ಬಗೆಯ ಚಕ್ರಗಳು ಬೆರೆತಿರುವುದನ್ನು ಆ ಕಾಲದ ಛಾಯಾಚಿತ್ರಗಳಲ್ಲಿ ನೋಡಬಹುದು. ಪೆಟ್ಟಿಗೆಯ ಮೇಲೆ ಬರೀ ಟಿ-34 ಎಂದು ಬರೆದಿರುವ ಕಿಟ್ಟಿಗಿಂತ ಇಂಥ ಕಾರ್ಖಾನೆಯ, ಇಂಥ ವರ್ಷದ ಟಿ-34 ಎಂದು ಹೇಳುವ ಕಿಟ್ಟನ್ನು ನಾನು ಯಾವಾಗಲೂ ಮೇಲೆಂದು ಎಣಿಸುತ್ತೇನೆ. ಹಾಗೆ ಹೇಳುವವರು ಒಂದು ನಿರ್ದಿಷ್ಟ ವಾಹನವನ್ನು ಕಣ್ಣ ಮುಂದೆ ಇಟ್ಟುಕೊಂಡು ಕೆಲಸ ಮಾಡಿರುತ್ತಾರೆ.

ಒಳಾಂಗಣವಿರುವ ಕಿಟ್ಟುಗಳ ಬಗ್ಗೆ ನನಗೆ ಪೂರ್ತಿ ಒಲವಿಲ್ಲ. ಟರೆಟ್, ಅಂದರೆ ಫಿರಂಗಿಯನ್ನು ಹೊತ್ತು ತಿರುಗುವ ಮೇಲ್ಗೋಪುರ, ಮುಚ್ಚಿದ ಮೇಲೆ ಕಾಣದ ನೂರಾರು ಭಾಗಗಳಿಗೆ ಬಣ್ಣ ಬಳಿಯುವ ಶ್ರಮ ಎಲ್ಲರಿಗೂ ಬೇಕಾಗಿಲ್ಲ. ಆದರೆ 76 ಮಿಲಿಮೀಟರ್ ಫಿರಂಗಿಯ ಟಿ-34 ಇದಕ್ಕೆ ಅಪವಾದ. ಅದರ ಟರೆಟ್ಟಿನಲ್ಲಿ ಇಬ್ಬರಿಗೆ ಮಾತ್ರ ಸ್ಥಳವಿತ್ತು. ಹಾಗಾಗಿ ಸುತ್ತಲ ರಣರಂಗವನ್ನು ಗಮನಿಸಬೇಕಾದ ಕಮಾಂಡರನೇ ಫಿರಂಗಿಯ ಗುರಿಯನ್ನೂ ಹಿಡಿಯಬೇಕಾಗಿತ್ತು. ಎರಡು ಆಸನಗಳನ್ನು ಕೂರಿಸಿ ಫಿರಂಗಿಯ ಹಿಂಬದಿಯನ್ನು ನಡುವೆ ಇಟ್ಟಾಗ, 1944ರಲ್ಲಿ 85 ಮಿಲಿಮೀಟರ್ ಫಿರಂಗಿಯೊಂದಿಗೆ ಮೂವರು ಕೂರುವ ದೊಡ್ಡ ಟರೆಟ್ ಏಕೆ ಬಂದಿತೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮೊದಲ ಕಿಟ್ ಯಾವುದಿರಬೇಕೆಂದು ಯಾರಾದರೂ ಕೇಳಿದರೆ ನಾನು ಟೈಗರನ್ನು ಸೂಚಿಸುವುದಿಲ್ಲ, ಬಹುತೇಕರು ಆಸೆಪಡುವುದು ಅದನ್ನೇ ಆಗಿದ್ದರೂ ಸಹ. ಆರಂಭದ ಟೈಗರಿನಲ್ಲಿ ಒಂದೊಂದು ಪಕ್ಕಕ್ಕೆ ಚಕ್ರ ಕೂರುವ ಎಂಟು ಅಚ್ಚುಗಳು (ಆಕ್ಸೆಲ್), ಪ್ರತಿ ಅಚ್ಚಿಗೆ ಮೂರು ಚಕ್ರಗಳು, ಅಂದರೆ ಎರಡು ಪಕ್ಕ ಸೇರಿ 48 ಚಕ್ರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪ್ರತಿಯೊಂದನ್ನೂ ಕತ್ತರಿಸಿ, ಸುತ್ತಲೂ ಉಜ್ಜಿ, ಅಂಚಿಗೆ ರಬ್ಬರಿನ ಬಣ್ಣ ಬಳಿಯಬೇಕು. ಟಿ-34ರಲ್ಲಿ ಪಕ್ಕಕ್ಕೆ ಐದು ದೊಡ್ಡ ಜೋಡಿ ಚಕ್ರಗಳಷ್ಟೇ, ಒಡಲಿನ ಹಲಗೆಗಳು ಸರಳ ಇಳಿಜಾರಿನವು. ಕಲಿಯುವವರ ಕೈಗೆ ಅದು ಹಿತ. ಎರಡನೆಯದಾಗಿಯೋ ಮೂರನೆಯದಾಗಿಯೋ ಟೈಗರನ್ನು ತೆಗೆದುಕೊಂಡರೆ ಆ ಚಕ್ರಗಳ ಹೆಣಿಗೆ ದಣಿಸುವ ಬದಲು ಪಾಠ ಹೇಳುತ್ತದೆ. 57 ಟನ್ ಭಾರವನ್ನು ನೆಲದ ಮೇಲೆ ಸಮವಾಗಿ ಹಂಚಬೇಕೆಂಬ ಎಂಜಿನಿಯರನ ಆಲೋಚನೆ ಎಷ್ಟು ಚೆನ್ನಾಗಿತ್ತೋ, ಒಳಸಾಲಿನ ಒಂದು ಚಕ್ರ ಹಾಳಾದರೆ ಹೊರಸಾಲಿನ ಹಲವು ಚಕ್ರಗಳನ್ನು ಬಿಚ್ಚಬೇಕಾದ ಸಿಪಾಯಿಯ ಪಾಡು ಅಷ್ಟೇ ಕಷ್ಟದ್ದಾಗಿತ್ತು. 1944ರ ಆರಂಭದಿಂದ ಬಂದ ಉಕ್ಕಿನ ಅಂಚಿನ ಚಕ್ರಗಳಲ್ಲಿ ಅಚ್ಚಿಗೆ ಎರಡೇ ಇದ್ದವೆಂಬುದನ್ನು ಆಗ ನಾವು ಸಮಾಧಾನದಿಂದಲೇ ಗಮನಿಸುತ್ತೇವೆ.

ಕಾಲವನ್ನು ಹೊಂದಿಸುವುದು ಟೈಗರಿನಂಥ ವಾಹನಗಳಲ್ಲಿ ವಿಶೇಷ ಎಚ್ಚರ ಬೇಡುವ ಕೆಲಸ. 1943ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ತನ್ನ ವಾಹನಗಳ ಮೂಲ ಬಣ್ಣವನ್ನು ಗಾಢ ಬೂದಿನಿಂದ ಗಾಢ ಹಳದಿಗೆ ಬದಲಾಯಿಸಿತು. ಕವಚಕ್ಕೆ ಅಂಟಿಸುವ ಅಯಸ್ಕಾಂತದ ಸ್ಫೋಟಕಗಳನ್ನು ತಡೆಯಲು ಬಳಿಯುತ್ತಿದ್ದ ಝಿಮ್ಮೆರಿಟ್ ಎಂಬ ಏಣುಏಣಾದ ಲೇಪ ಆ ವರ್ಷದ ಬೇಸಿಗೆಯ ಕೊನೆಯ ಹೊತ್ತಿಗೆ ಕಾರ್ಖಾನೆಗಳಲ್ಲಿ ಆರಂಭವಾಯಿತು, 1944ರ ಸೆಪ್ಟೆಂಬರಿನಲ್ಲಿ ನಿಂತಿತು. ಹೀಗಿರುವಾಗ ಬೂದು ಬಣ್ಣ ಬಳಿದ ಹೊಸ ಟೈಗರಿನ ಮೇಲೆ ಝಿಮ್ಮೆರಿಟ್ ತೋರಿಸಿದರೆ ಎರಡು ಬೇರೆ ಕಾಲಗಳನ್ನು ಒಂದೇ ವಾಹನಕ್ಕೆ ತೊಡಿಸಿದಂತಾಗುತ್ತದೆ. ಚಕ್ರ, ಲೇಪ, ಬಣ್ಣ, ಸಂಖ್ಯೆ ಈ ನಾಲ್ಕೂ ಒಂದೇ ತಿಂಗಳಿಗೆ ಸೇರಿವೆಯೇ ಎಂದು ಪರೀಕ್ಷಿಸುವುದನ್ನು ನಾನು ಅಂಟಿನ ಬಾಟಲಿ ತೆರೆಯುವ ಮೊದಲೇ ಮಾಡುತ್ತೇನೆ.

ಆಧಾರಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂಬುದೂ ಇದರೊಂದಿಗೆ ಬರುತ್ತದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ವಶವಾದ 131ನೆಯ ಸಂಖ್ಯೆಯ ಟೈಗರ್ ಇಂದಿಗೂ ಇಂಗ್ಲೆಂಡಿನ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಓಡುವ ಸ್ಥಿತಿಯಲ್ಲಿದೆ. ಆಕಾರಕ್ಕೆ, ಬೆಸುಗೆಯ ಗೆರೆಗಳಿಗೆ, ಬೋಲ್ಟುಗಳ ಸ್ಥಾನಕ್ಕೆ ಅಂಥ ವಾಹನಕ್ಕಿಂತ ಮಿಗಿಲಾದ ಸಾಕ್ಷಿ ಇಲ್ಲ. ಆದರೆ ಮ್ಯೂಸಿಯಮ್ಮಿನ ವಾಹನ ಎಂದರೆ ದುರಸ್ತಿ ಕಂಡ, ಮತ್ತೆ ಬಣ್ಣ ಬಳಿಸಿಕೊಂಡ, ಕೆಲವೊಮ್ಮೆ ಬೇರೊಂದರ ಭಾಗಗಳನ್ನು ಪಡೆದ ವಾಹನವೂ ಹೌದು. ಯುದ್ಧಕಾಲದ ಛಾಯಾಚಿತ್ರ ಇದಕ್ಕೆ ವಿರುದ್ಧ: ಆ ದಿನ ಆ ವಾಹನದಲ್ಲಿ ಏನಿತ್ತೆಂಬುದಕ್ಕೆ ಅದು ಪ್ರಮಾಣ, ಬಣ್ಣದ ವಿಷಯದಲ್ಲಿ ಮಾತ್ರ ಮೌನ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಕೆಂಪೂ ಹಸಿರೂ ಒಂದೇ ಬೂದಾಗಿ ಮೂಡಬಹುದು.

ಕಿಟ್ಟನ್ನೂ ಹೀಗೆಯೇ ಓದಬೇಕು, ಏಕೆಂದರೆ ಅದೂ ಒಂದು ಕಾರ್ಖಾನೆಯ ಉತ್ಪನ್ನ. ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಎರಡು ಅಚ್ಚುಗಳು ಕೂಡುವಲ್ಲಿ ಸಣ್ಣ ಏಣು ಉಳಿಯುತ್ತದೆ. ತಣ್ಣಗಾದ ಭಾಗವನ್ನು ಹೊರಕ್ಕೆ ತಳ್ಳುವ ಕಡ್ಡಿಗಳು ದುಂಡನೆಯ ಗುರುತು ಬಿಡುತ್ತವೆ. ದಪ್ಪವಾದ ಕಡೆ ಪ್ಲಾಸ್ಟಿಕ್ ಕುಗ್ಗಿ ಮೇಲ್ಮೈ ಗುಳಿಬೀಳುತ್ತದೆ. ಇವು ಎಲ್ಲಿರುತ್ತವೆಂದು ಮೊದಲೇ ಊಹಿಸಬಲ್ಲವರಿಗೆ ಶುಚಿಗೊಳಿಸುವ ಕೆಲಸ ಅರ್ಧ ಮುಗಿದಂತೆ. ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಎಂಬ ಚೌಕಟ್ಟಿನಿಂದ ಭಾಗವನ್ನು ಎರಡು ಸಲ ಕತ್ತರಿಸಬೇಕು: ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಒಂದೇ ಸಲ ಹತ್ತಿರ ಕತ್ತರಿಸಿದರೆ ಒತ್ತಡಕ್ಕೆ ಪ್ಲಾಸ್ಟಿಕ್ ಬಿಳಿಚಿಕೊಂಡು ಕಿತ್ತುಬರುತ್ತದೆ. ಉಳಿದ ಮೊಟಕನ್ನು ಅರದಿಂದಲೂ ನಯವಾದ ಸ್ಯಾಂಡ್‌ಪೇಪರಿನಿಂದಲೂ ತೆಗೆಯಬೇಕು.

ಈ ಹವ್ಯಾಸದ ಅಂಟು ನಿಜಕ್ಕೂ ಅಂಟಿಸುವುದಿಲ್ಲ, ಕರಗಿಸುತ್ತದೆ. ಎರಡು ಭಾಗಗಳನ್ನು ಕೂಡಿಸಿ ಹಿಡಿದು ಸಂದಿಗೆ ಕುಂಚ ತಾಗಿಸಿದರೆ ದ್ರವ ತಾನಾಗಿಯೇ ಒಳಗೆ ಹರಿಯುತ್ತದೆ, ಎರಡೂ ಮೇಲ್ಮೈಗಳು ಮೆತ್ತಗಾಗಿ ಒಂದಾಗುತ್ತವೆ, ದ್ರಾವಕ ಆರಿದ ಮೇಲೆ ಅಲ್ಲಿರುವುದು ಒಂದೇ ಪ್ಲಾಸ್ಟಿಕ್. ಹಿತ್ತಾಳೆಗೂ, ಕೆಲವು ಬಿಡಿಭಾಗಗಳನ್ನು ಎರಕ ಹೊಯ್ಯುವ ರೆಸಿನ್ ಎಂಬ ರಾಳಕ್ಕೂ ಇದು ನಾಟುವುದಿಲ್ಲ, ಅವಕ್ಕೆ ಸೂಪರ್ ಗ್ಲೂ ಬೇಕು. ಉದ್ದನೆಯ ಬೆಸುಗೆಗಳನ್ನು ರಾತ್ರಿಯಿಡೀ ಬಿಟ್ಟು ಆಮೇಲೆ ಉಜ್ಜುವುದು ಒಳ್ಳೆಯದು, ಮೆತ್ತಗಿರುವಾಗಲೇ ಉಜ್ಜಿದರೆ ಆ ಗೆರೆ ಮುಂದೆ ಮತ್ತೆ ತಗ್ಗಾಗಿ ಕಾಣಿಸಿಕೊಳ್ಳುತ್ತದೆ. ಇದೇ ಕರಗುವ ಗುಣವನ್ನು ಎರಕದ ಉಕ್ಕಿನ ಒರಟುತನ ತೋರಿಸಲೂ ಬಳಸಬಹುದು: ಟರೆಟ್ಟಿನ ಮೇಲೆ ಅಂಟು ಸವರಿ ಬಿರುಸಾದ ಕುಂಚದ ತುದಿಯಿಂದ ಮೆಲ್ಲಗೆ ಕುಟ್ಟಬೇಕು. ಅಲ್ಲಿಯೂ ಅಳತೆಯನ್ನು ನೆನಪಿಡಬೇಕು, 0.3 ಮಿಲಿಮೀಟರಿನ ಗುಳಿ ನಿಜವಾದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಆಳದ ಹಳ್ಳ. ದ್ರಾವಕಗಳ ಆವಿ ಮತ್ತು ರೆಸಿನ್ನಿನ ಧೂಳು ಶ್ವಾಸಕೋಶಕ್ಕೆ ಕೆಟ್ಟವು; ಕಿಟಕಿ ತೆರೆದಿರಲಿ, ರೆಸಿನ್ನನ್ನು ಒದ್ದೆ ಮಾಡಿಯೇ ಉಜ್ಜಬೇಕು.

ಚಕ್ರಗಳನ್ನು ಕೂರಿಸುವಾಗ ಸಮತಟ್ಟಾದ ಗಾಜಿನ ತುಂಡೊಂದು ಬಹಳ ಉಪಯುಕ್ತ. ಎಲ್ಲ ಚಕ್ರಗಳೂ ಗಾಜನ್ನು ತಾಗಬೇಕು, ಮೇಲಿನಿಂದ ನೋಡಿದರೆ ಒಂದೇ ಸಾಲಿನಲ್ಲಿರಬೇಕು. ತಿರುಚಿಕೊಂಡು ಚಕ್ರಗಳಿಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಷನ್ ಬಾರ್ ಎಂಬ ಸರಳುಗಳು ಒಡಲಿನ ಅಡ್ಡಗಲಕ್ಕೂ ಹಾಯುವ ಅನೇಕ ಟ್ಯಾಂಕುಗಳಲ್ಲಿ ಎಡಗಡೆಯ ಚಕ್ರಗಳು ಬಲಗಡೆಯವುಗಳಿಗೆ ನೇರ ಎದುರಾಗಿ ಇರುವುದಿಲ್ಲ. ಅದನ್ನು ಕಿಟ್ಟಿನ ದೋಷವೆಂದು ತಿಳಿದು ಸರಿಪಡಿಸಲು ಹೋಗಬಾರದು. ಒಂದೇ ನೇರದಲ್ಲಿ ಎರಡು ಸರಳುಗಳು ಹಾಯಲಾರವು, ಅಷ್ಟೇ.

ಟ್ರ್ಯಾಕಿನ, ಅಂದರೆ ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿಯ, ಇಳಿಬೀಳು ನನಗೆ ಅತ್ಯಂತ ಪ್ರಿಯವಾದ ವಿಷಯ. ಟೈಗರ್ ಮತ್ತು ಟಿ-34ರ ಟ್ರ್ಯಾಕುಗಳ ಕೊಂಡಿಗಳನ್ನು ಬರೀ ಪಿನ್ನುಗಳು ಹಿಡಿದಿರುತ್ತವೆ. ಮೇಲಿನ ಸಾಲು ಸ್ವಂತ ಭಾರಕ್ಕೆ ಇಳಿದು ದೊಡ್ಡ ಚಕ್ರಗಳ ಮೇಲೆ ಒರಗುತ್ತದೆ. ಶರ್ಮನ್ನಿನಲ್ಲಿ ಪಿನ್ನುಗಳಿಗೆ ರಬ್ಬರಿನ ತೋಳು ಇದ್ದು, ಮೇಲಿನ ಸಾಲನ್ನು ಚಿಕ್ಕ ಉರುಳೆಗಳು ಎತ್ತಿ ಹಿಡಿಯುವುದರಿಂದ ಅದು ಬಿಗಿಯಾಗಿಯೇ ಇರುತ್ತದೆ. ಮೆತ್ತನೆಯ ವಿನೈಲ್ ಪಟ್ಟಿಯ ಟ್ರ್ಯಾಕುಗಳು ಶರ್ಮನ್ನಿಗೆ ಒಪ್ಪುತ್ತವೆ, ಟೈಗರಿನ ಮೇಲೆ ಚಕ್ರಗಳನ್ನು ತಾಗದೆ ಗಾಳಿಯಲ್ಲಿ ನಿಂತು ಭಾರವಿಲ್ಲದಂತೆ ಕಾಣುತ್ತವೆ. ಹಾಗಾಗಿ ಕಿಟ್ ಆರಿಸುವಾಗ ಟ್ರ್ಯಾಕು ಬಿಡಿ ಕೊಂಡಿಗಳದ್ದೋ, ಪಟ್ಟಿಯದ್ದೋ ಎಂಬ ಪ್ರಶ್ನೆಗೆ ಉತ್ತರ ವಾಹನವನ್ನು ಅವಲಂಬಿಸಿದೆ. ಬಿಡಿ ಕೊಂಡಿಗಳನ್ನು ಒಂದು ಸಾಲಾಗಿ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವ ಮೊದಲು ಚಕ್ರಗಳ ಮೇಲೆ ಹೊದಿಸಿ, ನಡುನಡುವೆ ಹತ್ತಿ ಅಥವಾ ಸ್ಪಂಜಿನ ತುಂಡಿನಿಂದ ಒತ್ತಿ ಹಿಡಿದರೆ ಉಕ್ಕಿನ ತೂಕ ಅದರಲ್ಲಿ ಮೂಡುತ್ತದೆ.

ಬಣ್ಣದ ಬಗ್ಗೆ ನನ್ನ ಮಾತು ಚಿಕ್ಕದು. ಮೂಲ ಬಣ್ಣ ಆಕ್ರಿಲಿಕ್ಕಿನದಾಗಿದ್ದರೆ, ಅದು ಚೆನ್ನಾಗಿ ಒಣಗಿದ ಮೇಲೆ, ಎನಾಮೆಲ್ ಅಥವಾ ತೈಲ ಬಣ್ಣವನ್ನು ನೀರಿನಂತೆ ತೆಳುಗೊಳಿಸಿದ ವಾಶನ್ನು ಸಂದುಗಳಿಗೆ ಹರಿಸಬಹುದು; ಅದನ್ನು ತೆಳುಗೊಳಿಸುವ ವೈಟ್ ಸ್ಪಿರಿಟ್ ಕೆಳಗಿನ ಪದರವನ್ನು ಕದಡುವುದಿಲ್ಲ. ಚಿಹ್ನೆ, ಸಂಖ್ಯೆಗಳ ಅಂಟುಚಿತ್ರಗಳಾದ ಡೆಕಲುಗಳಿಗೆ ಮೊದಲು ಹೊಳಪಿನ ವಾರ್ನಿಷ್ ಬೇಕು, ಒರಟು ಮೇಲ್ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ತುಕ್ಕಿನ ವಿಷಯದಲ್ಲಿ ಇಂದಿನ ರೂಢಿಯನ್ನು ನಾನು ಒಪ್ಪಲಾರೆ. ಮಾದರಿಯ ಮೇಲಿನ ಒಂದು ಮಿಲಿಮೀಟರಿನ ಬಣ್ಣ ಕಿತ್ತ ಗುರುತು ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಕಾರ್ಖಾನೆಯಿಂದ ಬಂದು ಕೆಲವೇ ತಿಂಗಳಲ್ಲಿ ನಾಶವಾದ ಟ್ಯಾಂಕುಗಳು ಲೆಕ್ಕವಿಲ್ಲದಷ್ಟು. ಅವುಗಳ ಮೇಲೆ ಧೂಳು, ಕೆಸರು, ಚೆಲ್ಲಿದ ಎಣ್ಣೆ, ಬೂಟಿನ ಗುರುತು ಇರುತ್ತಿದ್ದವೇ ಹೊರತು ಹತ್ತಾರು ವರ್ಷ ಹೊಲದಲ್ಲಿ ಬಿದ್ದ ಕಬ್ಬಿಣದ ತುಕ್ಕಲ್ಲ. ಬಿಸಿಯಿಂದ ಬಣ್ಣ ಸುಟ್ಟುಹೋಗುವ ಹೊಗೆಕೊಳವೆ ತುಕ್ಕು ಹಿಡಿಯುತ್ತದೆ, ನೆಲಕ್ಕೆ ಉಜ್ಜುವ ಟ್ರ್ಯಾಕಿನ ಏಣು ಹೊಳೆಯುತ್ತದೆ. ಈ ಎರಡನ್ನು ಸರಿಯಾಗಿ ತೋರಿಸಿದರೆ ಸಾಕು.

ಡೆಕಲುಗಳಲ್ಲಿ ಇನ್ನೊಂದು ಜವಾಬ್ದಾರಿಯೂ ಇದೆ. ಒಂದು ದಳದ ಚಿಹ್ನೆಯನ್ನು ಅಂಟಿಸಿದ ಕ್ಷಣದಿಂದ ಆ ಮಾದರಿ ನಿಜವಾದ ಜನರ, ನಿಜವಾದ ಕೃತ್ಯಗಳ ವಾಹನವಾಗುತ್ತದೆ. ಜರ್ಮನಿಯಲ್ಲಿ ಸ್ವಸ್ತಿಕ ಚಿಹ್ನೆಯ ಬಹಿರಂಗ ಪ್ರದರ್ಶನಕ್ಕೆ ಕಾನೂನಿನ ನಿರ್ಬಂಧ ಇರುವುದರಿಂದ ಹಲವು ಪೆಟ್ಟಿಗೆಗಳಲ್ಲಿ ಅದು ಇರುವುದೇ ಇಲ್ಲ. ಆದರೆ ಉಳಿದ ಚಿಹ್ನೆಗಳ ಹಿಂದಿನ ಇತಿಹಾಸವನ್ನು ಓದುವುದು ನಮ್ಮ ಮೇಲೆಯೇ ಬಿಟ್ಟ ಕೆಲಸ. ಆ ದಳ ಎಲ್ಲಿತ್ತು, ಅಲ್ಲಿನ ಜನರಿಗೆ ಏನು ಮಾಡಿತು ಎಂದು ತಿಳಿಯದೆ ನಾನು ಯಾವ ಚಿಹ್ನೆಯನ್ನೂ ಅಂಟಿಸುವುದಿಲ್ಲ. ತಿಳಿದ ಮೇಲೆ ಕೆಲವನ್ನು ಬಿಟ್ಟದ್ದೂ ಉಂಟು.

ಟ್ಯಾಂಕುಗಳಿಗಿಂತ ಲಾರಿಗಳ ಕಡೆಗೆ ನನ್ನ ಮನಸ್ಸು ಈಗೀಗ ಹೆಚ್ಚು ವಾಲುತ್ತಿದೆ. ಅಮೆರಿಕದ ಜಿಎಂಸಿ ಕಂಪನಿಯ ಆರು ಚಕ್ರಗಳ ಎರಡೂವರೆ ಟನ್ ಲಾರಿಗಳು ಯುದ್ಧಕಾಲದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. 1944ರ ಆಗಸ್ಟ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಫ್ರಾನ್ಸಿನಲ್ಲಿ ರೆಡ್ ಬಾಲ್ ಎಕ್ಸ್‌ಪ್ರೆಸ್ ಎಂಬ ಸಾಗಣೆ ಮಾರ್ಗದಲ್ಲಿ ಇಂಧನವನ್ನೂ ಮದ್ದುಗುಂಡನ್ನೂ ಹಗಲಿರುಳು ಹೊತ್ತದ್ದು ಇಂಥ ಲಾರಿಗಳೇ. ಚಾಲಕರಲ್ಲಿ ಬಹುಪಾಲು ಆಫ್ರಿಕನ್ ಅಮೆರಿಕನ್ ಸೈನಿಕರು. ಮಾದರಿಯಾಗಿ ಲಾರಿ ಟ್ಯಾಂಕಿಗಿಂತ ಕಠಿಣ. ಅಲ್ಲಿ ಕವಚವೇ ಇಲ್ಲ, ಎಲ್ಲವೂ ತಗಡು, ಮರ, ಕ್ಯಾನ್ವಾಸ್. ದಪ್ಪದ ಪ್ರಶ್ನೆ ಪ್ರತಿಯೊಂದು ಅಂಚಿನಲ್ಲಿಯೂ ಎದುರಾಗುತ್ತದೆ. ಉಕ್ಕು ಉಳಿಸಲೆಂದು ಸರಕಿನ ತೊಟ್ಟಿಯನ್ನು ಮರದಲ್ಲಿ ಮಾಡಿದ ಲಾರಿಗಳೂ ಇದ್ದುದರಿಂದ ಯಾವ ವರ್ಷದ್ದೆಂಬ ವಿಚಾರಣೆಯೂ ತಪ್ಪುವುದಿಲ್ಲ. ಚಾಸಿಸ್ ಒಂದಿಷ್ಟು ತಿರುಚಿದರೂ ಒಂದು ಚಕ್ರ ನೆಲ ಬಿಟ್ಟು ನಿಲ್ಲುತ್ತದೆ. ಆದ್ದರಿಂದ ಉದ್ದದ ಎರಡು ತೊಲೆಗಳನ್ನು ಗಾಜಿನ ಮೇಲಿಟ್ಟು, ಅಡ್ಡಪಟ್ಟಿಗಳನ್ನು ಮೂಲೆಮಟ್ಟದಿಂದ ಹೊಂದಿಸಿ ಅಂಟು ಹಾಕಿ, ಮೇಲೆ ಭಾರವಿಟ್ಟು ಒಂದು ದಿನ ಬಿಡಬೇಕು. ಆಮೇಲೆ ಪಟ್ಟಿ ಸ್ಪ್ರಿಂಗುಗಳು ಮತ್ತು ಅಚ್ಚುಗಳು, ಚಕ್ರಗಳೆಲ್ಲ ಗಾಜಿಗೆ ತಾಗಿವೆಯೆಂದು ಖಚಿತವಾದ ಮೇಲೆ ಎಂಜಿನ್, ಕೊನೆಗೆ ಚಾಲಕನ ಕ್ಯಾಬಿನ್. ಕ್ಯಾಬಿನ್ನಿನ ಮಾಡು ಕ್ಯಾನ್ವಾಸಿನದಾದರೆ ಅದನ್ನು ತೆಗೆದಿಟ್ಟು ಒಳಗಿನ ಗೇರ್ ಕೋಲುಗಳನ್ನೂ ಮೂರು ಪೆಡಲುಗಳನ್ನೂ ಕಾಣುವಂತೆ ಬಿಡಬೇಕೆಂದು ಯೋಚಿಸಿದ್ದೇನೆ.